ಟೈರ್ ಬದಲಿಸುವ ದಿನ

ವರ್ಷಕ್ಕೆ ಎರಡೇ ಎರಡು ಸಲ ಅಕ್ಕ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಟೈರ್ ಅಂಗಡಿಗೆ ಹೋಗುತ್ತಿದ್ದಳು. ಒಂದು ಸಲ ಹಿಮ ಬೀಳುವ ಮುಂಚೆ, ಇನ್ನೊಂದು ಸಲ ಹಿಮ ಕರಗಿದ ಮೇಲೆ. ಗ್ರೀಸು, ಮಸಿ, ರಬ್ಬರ್ ವಾಸನೆಯ ಜಾಗಕ್ಕೆ ಇಷ್ಟು ಶೋಕಿ ಯಾಕೆ ಅಂತ ಯಾರಾದರೂ ಕೇಳಿಯಾರು. ಕೇಳಲಿ ಬಿಡಿ. ಅಲ್ಲಿಗೆ ತಂಗಿ ಬರುತ್ತಿದ್ದಳು.

ಕಾರು ಅಪ್ಪನದು, ಒಂದು ಸಣ್ಣ ಎಸ್‌ಯುವಿ. ಮಂಡಿ ನೋವು ಹೆಚ್ಚಾದ ಕಾಲಕ್ಕೆ, "ಬಗ್ಗೋದು ಬೇಡ, ಏಳೋಕೆ ಒದ್ದಾಡೋದು ಬೇಡ, ಕುರ್ಚಿ ಮೇಲೆ ಕೂತಂಗೆ ಕೂತರಾಯ್ತು" ಎಂದು ಹಟ ಹಿಡಿದು ಕೊಂಡದ್ದು. ಹೋಗುವಾಗ ಅದನ್ನು ಇಬ್ಬರು ಹೆಣ್ಣುಮಕ್ಕಳಿಗೂ ಸೇರಿಸಿ ಬಿಟ್ಟುಹೋದರು. ಮಹಾರಾಯರಿಗೆ ಒಂದು ಕಾರನ್ನು ಇಬ್ಬರು ಹೇಗೆ ಹಂಚಿಕೊಳ್ಳುತ್ತಾರೆ ಅನ್ನುವ ಯೋಚನೆಯೇ ಬರಲಿಲ್ಲ. ಹೆಣ್ಣುಮಕ್ಕಳೇ ಕೂತು ತೀರ್ಮಾನ ಮಾಡಿದರು. ಅಕ್ಕ ಗುಡ್ಡದ ಮೇಲಿನ ಊರಿನ ಆಸ್ಪತ್ರೆಯಲ್ಲಿ ನರ್ಸು, ಹಿಮದಲ್ಲಿ ಮನೆಮನೆಗೆ ಹೋಗಿ ರೋಗಿಗಳನ್ನು ನೋಡಬೇಕು. ಆದ್ದರಿಂದ ಚಳಿಗಾಲ ಅವಳಿಗೆ. ತಂಗಿ ಕೆಳಗೆ ಕೆರೆಯ ದಂಡೆಯಲ್ಲಿ ಸಸಿ ಬೆಳೆಸಿ ಮಾರುವವಳು, ಬಿಸಿಲು ಬಂದರೆ ಅವಳಿಗೆ ಉಸಿರಾಡಲೂ ಪುರುಸೊತ್ತಿಲ್ಲ. ಆದ್ದರಿಂದ ಬೇಸಿಗೆ ಅವಳಿಗೆ. ಹಿಮದಲ್ಲಿ ಜಾರದ ಚಳಿಗಾಲದ ಟೈರ್ ಬಿಚ್ಚಿ ಬೇಸಿಗೆಯದು ಹಾಕುವ ದಿನ ಕಾರು ಅಕ್ಕನಿಂದ ತಂಗಿಗೆ, ಮತ್ತೆ ಬೇಸಿಗೆಯದು ಬಿಚ್ಚುವ ದಿನ ತಂಗಿಯಿಂದ ಅಕ್ಕನಿಗೆ. ಹನ್ನೊಂದು ವರ್ಷದಿಂದ ಹೀಗೇ.

ಅಂಗಡಿ ಇಬ್ಬರ ಮನೆಗಳ ನಡುವೆ. ಗುಡ್ಡದಿಂದ ಅಲ್ಲಿಗೆ ಮೂವತ್ತೊಂದು ಕಿಲೋಮೀಟರ್. ಅಂಗಡಿಯವನನ್ನು ಅಕ್ಕತಂಗಿಯರು ಗಾಳಿಯಣ್ಣ ಎಂದು ಕರೆಯುತ್ತಿದ್ದರು, ಏಕೆಂದರೆ ನಮಸ್ಕಾರಕ್ಕಿಂತ ಮೊದಲು ಅವನ ಬಾಯಿಂದ ಬರುತ್ತಿದ್ದದ್ದು "ಗಾಳಿ ಚೆಕ್ ಮಾಡಿಸಿದ್ರಾ?" ಅನ್ನುವ ಮಾತು. ಅವನು ಕಾರನ್ನು ಮೇಲೆತ್ತಿ ನಟ್ಟು ಬಿಚ್ಚುವಷ್ಟು ಹೊತ್ತು ಇವರಿಬ್ಬರೂ ರೆಕ್ಸಿನ್ ಹರಿದ ಬೆಂಚಿನ ಮೇಲೆ ಕೂರುತ್ತಿದ್ದರು. ಕೈಯಲ್ಲಿ ಮೆಷಿನ್ನಿನ ಕಾಫಿ, ಬಿಸಿನೀರಿಗೆ ಬಣ್ಣ ಹಾಕಿದಂಥದ್ದು. ಕಾಲ ಬುಡದಲ್ಲಿ ಕಾರಿನಿಂದ ಇಳಿಸಿದ ಸಾಮಾನು. ಅಕ್ಕನದು ಒಂಟಿ ಕೈಗವುಸು, ಬ್ಯಾಂಡೇಜಿನ ಸುರುಳಿ, ಚಕ್ರ ಜಾರಿದರೆ ಸುರಿಯಲು ಒಂದು ಚೀಲ ಮರಳು. ತಂಗಿಯ ಸರದಿಯಲ್ಲಿ ಸೆಣಬಿನ ದಾರ, ಒಡೆದ ಕುಂಡ, ಸೀಟಿನ ಸಂದಿಯಲ್ಲೆಲ್ಲ ಮಣ್ಣು.

"ಇದೇನು ಕಾರೋ, ಹೊಲವೋ? ಒಂದು ಮಳೆ ಬಿದ್ರೆ ಸೀಟಲ್ಲೇ ಮೊಳಕೆ ಬರುತ್ತೆ" ಎಂದು ಅಕ್ಕ.

"ನೀನು ಕೊಟ್ಟಾಗ ಏನು ಕಮ್ಮಿನಾ? ಬಾಗಿಲು ತೆಗೆದ್ರೆ ಯಾರೋ ಇಂಜೆಕ್ಷನ್ ಕೊಡ್ತಾರೆ ಅನ್ಸುತ್ತೆ" ಎಂದು ತಂಗಿ.

ಫೋನಿನಲ್ಲಿ ಇಬ್ಬರಿಗೂ ಮಾತು ಹೊರಡುತ್ತಿರಲಿಲ್ಲ. ಚೆನ್ನಾಗಿದ್ದೀಯಾ, ಹೂಂ, ನೀನು, ಹೂಂ, ಅಲ್ಲಿಗೆ ಮುಗಿಯಿತು. ಅದೇ ಆ ಹರಿದ ಬೆಂಚಿನ ಮೇಲೆ ಕೂತರೆ ಐವತ್ತಮೂರರ ತಂಗಿ ಮತ್ತೆ ಪುಟ್ಟಿಯಾಗುತ್ತಿದ್ದಳು, ಅರವತ್ತೊಂದರ ಅಕ್ಕ ಎರಡು ಜಡೆಯ ಹುಡುಗಿ. ಅಪ್ಪ ಹಳೇ ಕಾರಿನ ಚಕ್ರಗಳನ್ನು ಅಂಗಳದಲ್ಲಿ ತಾವೇ ಬಿಚ್ಚುತ್ತಿದ್ದದ್ದು, ನಟ್ಟುಗಳನ್ನು ಊಟದ ತಟ್ಟೆಗೆ ಹಾಕಿ ಎಣಿಸುವ ಕೆಲಸ ಪುಟ್ಟಿಯದಾಗಿದ್ದದ್ದು, ಒಂದು ಸಲ ಅಕ್ಕ ಪುಟ್ಟಿಯನ್ನೇ ಟೈರಿನೊಳಗೆ ಕೂರಿಸಿ ಇಳಿಜಾರಿನಲ್ಲಿ ಉರುಳಿಸಿದ್ದು, ಎಲ್ಲ ಅಲ್ಲಿ ಬರುತ್ತಿತ್ತು. ಆ ಟೈರ್ ಕೋಳಿಗೂಡಿಗೆ ಗುದ್ದಿ ನಿಂತಾಗ ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕು, ಆಮೇಲೆ ಬೈಯಬೇಕಿತ್ತು ಅಂತ ನೆನಪಾಗಿ ಬೈದರಂತೆ. ಪುಟ್ಟಿ ಪ್ರತಿಸಲವೂ ಆ ಕಥೆಗೆ ಒಂದೆರಡು ಕೋಳಿ ಜಾಸ್ತಿ ಸೇರಿಸುತ್ತಿದ್ದಳು. ಅಕ್ಕ ಅವನ್ನು ಕಳೆಯುತ್ತಿರಲಿಲ್ಲ. ವರ್ಷದ ಉಳಿದ ದಿನಗಳನ್ನು ಅವಳು ಈ ಎರಡು ದಿನಗಳ ಬಲದ ಮೇಲೇ ನೂಕುತ್ತಿದ್ದಳು.

ಈ ವಸಂತದಲ್ಲಿ ಗಾಳಿಯಣ್ಣ ಎರಡೂ ಸೆಟ್ ಟೈರುಗಳ ಮೇಲೆ ಕೈಯಾಡಿಸಿ, ಕೆಟ್ಟ ಸುದ್ದಿ ಹೇಳುವ ಡಾಕ್ಟರ ಹಾಗೆ ಮುಖ ಮಾಡಿದ.

"ದೊಡ್ಡಕ್ಕ, ಬೇಸಿಗೆದು ಪೂರ್ತಿ ಸವೆದುಹೋಗಿದೆ. ಚಳಿಗಾಲದ್ದು ಸವೆದಿಲ್ಲ, ಆದ್ರೆ ವಯಸ್ಸಾಗಿ ಗಟ್ಟಿಯಾಗಿ ಬಿರುಕು ಬಿಟ್ಟಿದೆ. ಎರಡು ಸೆಟ್ ಯಾಕೆ ತಗೋತೀರಿ? ಆಲ್ ಸೀಸನ್ ಅಂತ ಬರುತ್ತೆ, ವರ್ಷ ಪೂರ್ತಿ ಅದೇ. ಬಿಚ್ಚೋದಿಲ್ಲ, ಹಾಕೋದಿಲ್ಲ, ಆರು ತಿಂಗಳಿಗೊಮ್ಮೆ ಇಲ್ಲಿಗೆ ಓಡಿ ಬರೋ ತಾಪತ್ರಯವೂ ಇಲ್ಲ."

ಪಾಪ, ಅವನು ಒಳ್ಳೆಯದಕ್ಕೇ ಹೇಳಿದ. ಆ ತಾಪತ್ರಯವೇ ಅಕ್ಕನ ಹಬ್ಬ ಅಂತ ಅವನಿಗೇನು ಗೊತ್ತು?

"ಅದೇ ಒಳ್ಳೇದಲ್ವಾ?" ಎಂದಳು ತಂಗಿ, ಗಡಿಯಾರ ನೋಡುತ್ತ. "ಟೊಮೇಟೊ ಸಸಿ ಬಿಸಿಲಲ್ಲಿ ಬಿಟ್ಟು ಬಂದಿದೀನಿ."

"ಎಲ್ಲಾ ಕಾಲಕ್ಕೂ ಅಂದ್ರೆ ಯಾವ ಕಾಲಕ್ಕೂ ಸರಿಯಾಗಿ ಆಗಲ್ಲ ಅಂತಾನೇ ಅರ್ಥ" ಎಂದು ಅಕ್ಕ ಗೊಣಗಿದಳು. "ಗುಡ್ಡದ ಹಿಮ ಇವರಿಗೇನು ಗೊತ್ತು? ನಾನು ರೋಗಿಗಳ ಮನೆಗೆ ಹೋಗ್ಬೇಕು. ನನಗೆ ಎರಡು ಸೆಟ್ಟೇ ಬೇಕು."

"ಹಂಗಾದ್ರೆ ಚಳಿಗಾಲದಲ್ಲಿ ಎಷ್ಟು ಓಡುತ್ತೆ, ಬೇಸಿಗೇಲಿ ಎಷ್ಟು ಅಂತ ನೋಡೇ ಬಿಡೋಣ. ಲೆಕ್ಕ ಕೈಯಲ್ಲೇ ಇದೆಯಲ್ಲ" ಎಂದು ಗಾಳಿಯಣ್ಣ ಡ್ರೈವರ್ ಬಾಗಿಲು ತೆಗೆದ.

ಬಾಗಿಲ ಅಂಚಿನಲ್ಲಿ ಅವನು ಪ್ರತಿಸಲ ಅಂಟಿಸುವ ಚೀಟಿ ಇತ್ತು. ಟೈರ್ ಬದಲಿಸಿದ ದಿನ, ಅಂದು ಮೀಟರ್ ತೋರಿಸಿದ ಕಿಲೋಮೀಟರ್. ಅಕ್ಕನಿಗೆ ಅದು ಮರೆತೇ ಹೋಗಿತ್ತು. ಗಾಳಿಯಣ್ಣ ಚೀಟಿ ನೋಡಿದ, ಮೀಟರ್ ನೋಡಿದ, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದ.

"ಅರವತ್ತೆರಡು" ಎಂದ.

"ಅರವತ್ತೆರಡು ಏನು?" ಎಂದಳು ತಂಗಿ.

"ಕಿಲೋಮೀಟರ್. ಇಡೀ ಚಳಿಗಾಲಕ್ಕೆ."

ತಂಗಿ ಗಿಡ ಮಾರುವವಳು, ಲೆಕ್ಕದಲ್ಲಿ ಚುರುಕು. ಇಲ್ಲಿಂದ ಗುಡ್ಡಕ್ಕೆ ಮೂವತ್ತೊಂದು, ಗುಡ್ಡದಿಂದ ಇಲ್ಲಿಗೆ ಮೂವತ್ತೊಂದು. ಅವಳು ಮೆಲ್ಲಗೆ ಅಕ್ಕನ ಕಡೆ ತಿರುಗಿದಳು. "ಕಾರು ಶೆಡ್ಡಿಂದ ಹೊರಗೇ ಬಂದಿಲ್ವಾ?"

ರೋಗಿಗಳ ಮನೆಯ ಸುಳ್ಳಿನ ಮೇಲೆ ಇನ್ನೊಂದು ಸುಳ್ಳು ಹೇಳೋಣವೆಂದರೆ ಅಕ್ಕನಿಗೆ ಅಷ್ಟು ವಿದ್ಯೆ ಒಲಿದಿರಲಿಲ್ಲ. ಕೆಲಸದಿಂದ ನಿವೃತ್ತಿಯಾಗಿ ಎರಡು ವರ್ಷ ಆಗಿತ್ತು. ಅದರ ಮುಂದಿನ ಚಳಿಗಾಲದಲ್ಲಿ ಒಂದು ತಿರುವಿನಲ್ಲಿ ಕಾರು ಜಾರಿ ಅಡ್ಡ ನಿಂತಿತು. ಏನೂ ಆಗಲಿಲ್ಲ, ಆದರೆ ಧೈರ್ಯ ಅವತ್ತೇ ಹೋಯಿತು. ಈ ಸಲ ಕಾರನ್ನು ಶೆಡ್ಡಿನಲ್ಲಿಟ್ಟು ನಡೆದೇ ಓಡಾಡಿದಳು. ಬ್ಯಾಟರಿ ಸಾಯಬಾರದೆಂದು ಭಾನುವಾರ ಭಾನುವಾರ ಎಂಜಿನ್ ಶುರು ಮಾಡಿ, ಅಪ್ಪನ ಸೀಟಿನಲ್ಲಿ ಹದಿನೈದು ನಿಮಿಷ ಕೂತು, ಎದುರಿನ ಗೋಡೆ ನೋಡಿ, ಆರಿಸಿ ಬರುತ್ತಿದ್ದಳು. ಇಷ್ಟನ್ನೂ ಅವಳು ನೆಲ ನೋಡುತ್ತ ಹೇಳಿದಳು.

"ಎರಡು ವರ್ಷದಿಂದ ಕೆಲಸ ಇಲ್ಲ, ಆರು ತಿಂಗಳಿಂದ ಕಾರು ನಿಂತಿದೆ!" ತಂಗಿಯ ದನಿ ಏರಿತು. "ಒಂದು ಮಾತು ಹೇಳೋಕೆ ಏನಾಗಿತ್ತು ನಿನಗೆ?"

"ಹೇಳಿದ್ರೆ ಕಾರು ನೀನೇ ಇಟ್ಕೋತಿದ್ದೆ."

"ಹೂಂ, ಇಟ್ಕೋತಿದ್ದೆ. ಅದರಲ್ಲಿ ತಪ್ಪೇನು?"

"ಆಮೇಲೆ ನೀನು ಯಾಕೆ ಬರ್ತೀಯ ಪುಟ್ಟಿ?" ಎಂದಳು ಅಕ್ಕ. "ಕಾರಿಗೆ ಅಂತಾನಾದ್ರೂ ಬರ್ತಿದ್ದೆ. ಹನ್ನೊಂದು ವರ್ಷದಲ್ಲಿ ಒಂದ್ಸಲ ನಮ್ಮನೆ ಹೊಸ್ತಿಲು ತುಳಿದಿದೀಯಾ? ನನಗೆ ಇದೊಂದೇ ಇದ್ದದ್ದು."

ತಂಗಿ ಸಿಟ್ಟಿನಲ್ಲೇ, ಆದರೆ ಸಣ್ಣ ದನಿಯಲ್ಲಿ ಹೇಳಿದಳು. "ಬೇಸಿಗೇಲಿ ಗಿಡ ಬಿಟ್ಟು ಬರೋಕಾಗಲ್ಲ. ಬಿಡುವಿರೋದೇ ಚಳಿಗಾಲದಲ್ಲಿ. ಚಳಿಗಾಲದಲ್ಲಿ ಕಾರು ನಿನ್ನ ಹತ್ರ. ಹಿಮ ಬಿದ್ರೆ ಬಸ್ಸು ಅರ್ಧ ದಾರೀಲೇ ಇಳಿಸಿಬಿಡುತ್ತೆ. ಎರಡು ಸಲ ಅಲ್ಲಿವರೆಗೂ ಬಂದು ವಾಪಸ್ ಹೋಗಿದೀನಿ. ನೀನು ಗಾಬರಿಯಾಗ್ತೀಯ ಅಂತ ಹೇಳಲಿಲ್ಲ."

ಎಷ್ಟು ಚೆನ್ನಾಗಿ ಹಂಚಿಕೊಂಡಿದ್ದರು ನೋಡಿ! ಬರಬಹುದಾದವಳಿಗೆ ಬರಬಹುದಾದ ಕಾಲದಲ್ಲಿ ಕಾರೇ ಇರಲಿಲ್ಲ.

ಗಾಳಿಯಣ್ಣ ಕೆಮ್ಮಿ, ಎರಡು ಹೊಸ ಟೈರುಗಳನ್ನು ಉರುಳಿಸಿಕೊಂಡು ಬಂದು ಪಕ್ಕಪಕ್ಕ ನಿಲ್ಲಿಸಿದ. "ಎರಡೂ ಆಲ್ ಸೀಸನ್ನೇ. ಈ ಎಡಗಡೆದು ಸದ್ದಿಲ್ಲ, ಬೇಗ ಸವೆಯಲ್ಲ, ಬಿಸಿ ರಸ್ತೆಗೆ ಹೇಳಿ ಮಾಡಿಸಿದ್ದು. ಹಿಮದಲ್ಲಿ ಮಾತ್ರ ಅಷ್ಟಕ್ಕಷ್ಟೆ. ಈ ಬಲಗಡೆದರ ಪಕ್ಕೆ ನೋಡಿ, ಬೆಟ್ಟದ ಗುರುತು, ಅದರೊಳಗೆ ಹಿಮದ ಹರಳು. ಹಿಮದಲ್ಲಿ ಪರೀಕ್ಷೆ ಪಾಸಾಗಿದ್ದಕ್ಕೆ ಮಾತ್ರ ಈ ಗುರುತು. ಆದ್ರೆ ಬಿಸಿಲಲ್ಲಿ ಗುಂಯ್ ಅನ್ನುತ್ತೆ, ಸವೆಯೋದೂ ಬೇಗ."

ಅಕ್ಕ ಮೂಗೊರೆಸಿಕೊಂಡು ನರ್ಸಿನ ದನಿ ತಂದುಕೊಂಡಳು. "ಎಡಗಡೆದೇ ಹಾಕಿ. ಕಾರು ಇನ್ಮೇಲೆ ಇವಳದು. ಕೆರೆ ಹತ್ರ ಹಿಮ ಬಿದ್ರೂ ಮಧ್ಯಾಹ್ನಕ್ಕೆ ಕರಗುತ್ತೆ. ಇವಳಿಗೆ ಬೆಟ್ಟದ ಗುರುತು ಯಾಕೆ?"

ಹೇಳುವುದು ಹೇಳಿದಳು. ಕಣ್ಣು ಮಾತ್ರ ಬಲಗಡೆಯ ಟೈರನ್ನೇ ನೋಡುತ್ತಿತ್ತು.

ತಂಗಿ ಟೈರುಗಳ ಮುಂದೆ ಕುಕ್ಕರಗಾಲಲ್ಲಿ ಕೂತು, ಮಣ್ಣು ಸೇರಿದ ಉಗುರನ್ನು ಬಲಗಡೆಯ ಟೈರಿನ ಗೆರೆಗಳೊಳಗೆ ಇಳಿಸಿ ಆಳ ನೋಡಿದಳು.

"ಅಣ್ಣಾ, ಇದು ಜನವರೀಲಿ ಅಕ್ಕನ ಗುಡ್ಡ ಹತ್ತುತ್ತಾ?"

"ನಿಧಾನಕ್ಕೆ ಹೋದ್ರೆ ಹತ್ತುತ್ತೆ ಚಿಕ್ಕಕ್ಕ. ರಸ್ತೆ ಗಾಜಿನಂಗೆ ಹೆಪ್ಪುಗಟ್ಟಿದ್ರೆ ಮಾತ್ರ ಇದನ್ನ ನಂಬ್ಕೊಂಡು ಇಳಿಯೋಕೆ ಹೋಗ್ಬೇಡಿ. ಕರಗೋವರೆಗೂ ಮೇಲೇ ಇರಬೇಕಾಗುತ್ತೆ."

"ಎಷ್ಟು ದಿನ ಆಗುತ್ತೆ ಕರಗೋಕೆ?"

"ಒಂದೊಂದ್ಸಲ ಒಂದು ವಾರ" ಎಂದಳು ಅಕ್ಕ. ಅವಳ ದನಿ ಅವಳಿಗೇ ಕೇಳಿಸಲಿಲ್ಲ. "ಈ ಸಲ ಒಂಬತ್ತು ದಿನ ಆಯ್ತು."

ತಂಗಿ ಮಂಡಿ ಹಿಡಿದುಕೊಂಡು, ಅಪ್ಪನ ಹಾಗೆಯೇ ನರಳುತ್ತ ಎದ್ದಳು. "ಬಲಗಡೆದು ಹಾಕಿ ಅಣ್ಣಾ. ನಾಲ್ಕಕ್ಕೂ."

"ಬೇಸಿಗೆಯೆಲ್ಲಾ ಗುಂಯ್ ಅನ್ನುತ್ತಂತೆ ಕಣೇ" ಎಂದಳು ಅಕ್ಕ.

"ಅನ್ಲಿ ಬಿಡು. ನಿನ್ನ ಗೊರಕೆಗಿಂತ ಜಾಸ್ತಿನಾ? ಒಂದೇ ಹಾಸಿಗೇಲಿ ಹತ್ತು ವರ್ಷ ಕೇಳಿದೀನಿ."

ಅಕ್ಕ ನಗಲು ಹೋಗಿ ಅತ್ತುಬಿಟ್ಟಳು. ಗಾಳಿಯಣ್ಣ ಮರ್ಯಾದಸ್ಥ, ಬೆನ್ನು ತಿರುಗಿಸಿ, ಬೇಕಿಲ್ಲದಿದ್ದರೂ ಕಂಪ್ರೆಸರ್ ಶುರು ಮಾಡಿದ. ಆ ಗದ್ದಲದಲ್ಲಿ ಅಕ್ಕ ತಂಗಿಯ ಕಿವಿಯ ಹತ್ತಿರ ಬಾಗಿ, ಚಿಕ್ಕ ಮಗುವಿಗೆ ಹೇಳುವಂತೆ ಕೂಗಿ ಹೇಳಿದಳು.

"ಜನವರೀಲಿ ಬರುವಾಗ ಒಂಬತ್ತು ದಿನಕ್ಕಾಗೋವಷ್ಟು ಬಟ್ಟೆ ತಾ."