ಬಣ್ಣ ಬಿಟ್ಟ ಜಾಗ

ಸ್ಪಿರಿಟ್ಟಿನ ವಾಸನೆಯ ಅಡಿಯಲ್ಲಿ ಇನ್ನೊಂದು ವಾಸನೆ, ಕುದಿಸಿದ ದಾಳಿಂಬೆ ಸಿಪ್ಪೆಯ ಒಗರು, ವಿದ್ಯಾಗಿರಿಯ ಲ್ಯಾಬಿನಲ್ಲಿ ಮೂರು ವರ್ಷದಿಂದ ನನ್ನ ಉಗುರಲ್ಲಿ ಕೂತಿರುವುದೇ, ಈಗ ಈ ದವಾಖಾನೆಯ ಮಂಚದ ಮೇಲೆ ಸೋದರತ್ತೆ ಕಾಳವ್ವನ ಹಿಮ್ಮಡಿಯಿಂದ ಬರುತ್ತಿದೆ — ಪಟ್ಟಿ ಬಿಚ್ಚುವಾಗ ನರ್ಸು ಮುಖ ತಿರುಗಿಸಿದಳು, ನಾನು ತಿರುಗಿಸಲಿಲ್ಲ, ಮಹಾ ಧೈರ್ಯ ನನ್ನದು. ಸಕ್ಕರೆ ಕಾಯಿಲೆಯ ಗಾಯ, ಗುಳಿಗೆಗೆ ಬಗ್ಗಿತ್ತು, ಒಣಗುತ್ತಿತ್ತು, ಆ ರವಿವಾರ ನಾನು ಇಳಕಲ್ಲಿಗೆ ಅತ್ತೆಯ ಮನೆಗೆ ಹೋಗದಿದ್ದರೆ, ಹೋದೆ, ಮೊಬೈಲು ತೆಗೆದೆ, ಲ್ಯಾಬಿನ ಗಾಜಿನ ತಟ್ಟೆಯ ಫೋಟೋ ತೋರಿಸಿದೆ, ನೋಡತ್ತಿ, ಈ ನೇರಳಿ ಬಣ್ಣದ್ದೆಲ್ಲಾ ಬ್ಯಾಕ್ಟೀರಿಯಾ, ನಡುವ ಸಿಪ್ಪಿ ರಸ ಇಟ್ಟೇನಿ, ಸುತ್ತ ಹೆಂಗ ಬೆಳ್ಳಗಾಗೈತಿ — ಅತ್ತೆ ಕನ್ನಡಕ ಏರಿಸಿದಳು, ನಲವತ್ತು ವರ್ಷ ನೂಲಿಗೆ ಬಣ್ಣ ಹಾಕಿದ ಕಣ್ಣು, ಬಣ್ಣ ಬಿಟ್ಟೈತಿ ಅಂದ್ರ ಹೊಲಸು ಹೋತು ಅಂತನ ಅಲ್ಲೇನವಾ, ಡಾಕ್ಟರಗಿಂತ ಶ್ಯಾಣ್ಯಾಕಿ ನೀ ಶೈಲಶ್ರೀ. ನಾನು ನಕ್ಕೆ. ಹೊಗಳಿಕೆ ರುಚಿಯಾಗಿತ್ತು, ಅದಕ್ಕೇ ನಕ್ಕೆ, ಇಲ್ಲತ್ತಿ, ಆ ಬಿಳಿ ಜಾಗದಾಗೂ ಅವು ಜೀವಂತ ಅದಾವು, ಅಷ್ಟಕ್ಕಷ್ಟೂ ಅದಾವು ಎಂದು ಹೇಳಲು ಎಷ್ಟು ಹೊತ್ತು ಬೇಕಿತ್ತು, ಒಂದಕ್ಕೊಂದು ಸುದ್ದಿ ಮುಟ್ಟಿಸಿಕೊಂಡೇ ಅವು ನೇರಳೆ ಬಣ್ಣ ಕಟ್ಟುತ್ತವೆ, ಲೋಳೆ ಪೊರೆ ಹೊದ್ದು ಕೂರುತ್ತವೆ, ಸಿಪ್ಪೆ ಆ ಸುದ್ದಿಯನ್ನಷ್ಟೇ ಕೆಡಿಸುತ್ತದೆ, ಬಣ್ಣ ಹೋಗುತ್ತದೆ, ಜೀವ ಹೋಗುವುದಿಲ್ಲ, ಕೊಲ್ಲುವ ಕೆಲಸ ಗುಳಿಗೆಯದು, ಸೆಮಿನಾರಿನಲ್ಲಿ ಎಷ್ಟು ಚೆಂದ ಹೇಳುತ್ತೇನೆ ಇದನ್ನ. ಅತ್ತೆ ಹನ್ನೆರಡು ದಿನ ಗಾಯವನ್ನು ಸಿಪ್ಪೆಯ ನೀರಲ್ಲಿ ತೊಳೆದಿದ್ದಾಳೆ, ಅರೆದು ಕಟ್ಟಿದ್ದಾಳೆ, ಗುಳಿಗೆಗಳೆಲ್ಲ ಡಬ್ಬಿಯಲ್ಲಿ ಹಾಗೇ. ನಂಜು ಎಲುಬಿಗೆ ಇಳಿದಿದೆ ಎಂದರು ಡಾಕ್ಟರು, ಗುಳಿಗಿ ಯಾಕ ಬಿಟ್ರಿ ಅಜ್ಜಿ, ಯಾರು ಹೇಳಿದ್ರು — ಅತ್ತೆ ನನ್ನ ಕಡೆ ನೋಡಲೇ ಇಲ್ಲ, ಯಾರೂ ಹೇಳಿಲ್ರಿ, ನನಗ ಮರವು ಭಾಳ. ಡಾಕ್ಟರು ನನ್ನತ್ತ ತಿರುಗಿ, ನೀವು ಓದಿದವರು, ನೀವಾದ್ರೂ ನೋಡಬಾರದೇನ್ರಿ ಎಂದರು, ಹೌದ್ರಿ ಎಂದೆ, ನಾಚಿಕೆಗೇಡಿ, ಹೌದ್ರಿ ಅಂತೆ.

ಮೊಣಕಾಲ ಕೆಳಗೆ ನಾಲ್ಕು ಬೆರಳು ಬಿಟ್ಟು ನರ್ಸು ಪೆನ್ನಿನಿಂದ ಸುತ್ತಲೂ ಗೆರೆ ಎಳೆದು ಹೋಗಿದ್ದಾಳೆ, ನಾಳೆ ಕಾಲು ಕೊಯ್ಯುವ ಗೆರೆ, ನೇರಳೆ, ಅತ್ತೆ ಬಗ್ಗಿ ನೋಡುತ್ತಾಳೆ, ಬೆರಳಿಗೆ ಎಂಜಲು ಹಚ್ಚುತ್ತಾಳೆ, ಇದು ಪಕ್ಕಾ ಬಣ್ಣ ಅಲ್ಲ ಬಿಡವಾ, ಹೋಗ್ತೈತಿ — ತಿಕ್ಕುತ್ತಾಳೆ, ಗೆರೆ ಹಾಗೇ ಇದೆ, ಮತ್ತೆ ಎಂಜಲು, ಮತ್ತೆ ಬೆರಳು, ಗೆರೆ, ತಿಕ್ಕುತ್ತಾಳೆ, ಗೆರೆ