ಶುಕ್ರವಾರದ ಬ್ಯಾಚು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಒಪ್ಪಿಕೊಳ್ಳುತ್ತೇನೆ. ಆದರೆ ಆ ಸೋಮವಾರ ಸಿಟ್ಟಿಗಿಂತ ಕುತೂಹಲವೇ ಹೆಚ್ಚಾಗಿತ್ತು. ದೊಡ್ಡಬಳ್ಳಾಪುರದ ನಮ್ಮ ಕಾರ್ಖಾನೆಯಲ್ಲಿ ಯೀಸ್ಟ್‌ಗೆ ಹೊಸ ಜೀನ್ ಸೇರಿಸಿ, ಟ್ಯಾಂಕಿನಲ್ಲಿ ಹುದುಗಿಸಿ, ಕಿತ್ತಳೆ ಬಣ್ಣದ ಆಂಟಿಆಕ್ಸಿಡೆಂಟ್ ತೆಗೆಯುತ್ತೇವೆ. ಈಚೆಗೆ ಮೂರು ಬ್ಯಾಚು ಒಂದಕ್ಕಿಂತ ಒಂದು ಬಿಳಿಚಿಕೊಂಡು ಬಂದಿದ್ದವು. ಮ್ಯಾನೇಜರ್ ಭಾನುಪ್ರಕಾಶ್ ಫೋನಿನಲ್ಲೇ ಗುಡುಗಿದರು: "ಶಶಿರೇಖಾ, ತಪ್ಪು ಮಾಡಿದೋರ ಹೆಸ್ರು ಮೂರು ಗಂಟೆಯೊಳಗೆ ಬೇಕು. ಅವ್ರು ನಾಳೆಯಿಂದ ಬರೋದು ಬೇಡ."

ಲ್ಯಾಬ್ ನೋಡಿಕೊಳ್ಳುವವಳು ನಾನೇ; ದಾಖಲೆ ತಿರುವಿದೆ. ಅರೆ! ಮೂರೂ ಬ್ಯಾಚು ಶುರುವಾದದ್ದು ಶುಕ್ರವಾರ ಸಂಜೆ. ಬೇರೆ ದಿನದವೆಲ್ಲ ಕ್ಯಾರೆಟ್ಟಿನ ಬಣ್ಣಕ್ಕೇ ಇದ್ದವು. ಯೀಸ್ಟ್‌ಗೆ ವಾರ ಗೊತ್ತಾಗುತ್ತದೆಯೇ, ಶಿವನೇ?

ಶುಕ್ರವಾರದ ಪಾಳಿ ಟ್ಯಾಂಕ್ ಆಪರೇಟರ್ ಅಪ್ಪಯ್ಯಣ್ಣನವರದು. ಕರೆದು ಕೇಳಿದೆ.

"ಫ್ರೀಜರಿಂದ ಯೀಸ್ಟಿನ ಹೊಸ ಸೀಸೆ ತೆಗೆದು ಹಾಕಿದ್ರಾ?"

"ಇಲ್ಲಮ್ಮ. ಶುಕ್ರವಾರ ದೀಪ ಹಚ್ಚೋ ಹೊತ್ತಲ್ಲಿ ಹೆಪ್ಪು ಆಚೆ ಕೊಡ್ತಾರಾ ಯಾರಾದ್ರೂ? ಲಕ್ಷ್ಮಿ ಹೊರಟೋಗ್ತಾಳೆ. ಮೂರ್ ಸಲಾನೂ ಹಿಂದಿನ ಶುಕ್ರವಾರದ ಬ್ಯಾಚಲ್ಲೇ ಒಂದ್ ಫ್ಲಾಸ್ಕ್ ಎತ್ತಿಟ್ಟಿದ್ದೆ, ಅದನ್ನೇ ಬಿಟ್ಟೆ."

ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಬಿಳಿಚಿದ ಬ್ಯಾಚಿನ ಹನಿ ಹರಡಿ ಯೀಸ್ಟ್ ಬೆಳೆಸಿದ್ದ ಗಾಜಿನ ತಟ್ಟೆಯನ್ನು ತಂದು ತೋರಿಸಿದೆ. ತಟ್ಟೆ ತುಂಬ ಬಿಳಿ ಚುಕ್ಕೆ, ನಡುವೆ ನಾಲ್ಕೈದು ಮಾತ್ರ ಕಿತ್ತಳೆ.

ಅವರು ಕನ್ನಡಕ ಏರಿಸಿ ಬಗ್ಗಿದರು. "ಇವ್ಯಾಕಮ್ಮ ಬಣ್ಣ ಬಿಟ್ಬಿಟ್ವು?"

"ಬಣ್ಣ ಮಾಡೋದು ಅವಕ್ಕೆ ದಂಡದ ಕೆಲ್ಸ, ಅಣ್ಣ. ನಾವು ಸೇರ್ಸಿದ ಜೀನ್ ಕಳ್ಕೊಂಡೋವು ಬೇಗ ಬೇಗ ಹೆಚ್ಕೋತವೆ. ಹಳೇದನ್ನೇ ಹಾಕ್ತಾ ಹೋದ್ರೆ ಕೊನೆಗೆ ಅವೇ ತುಂಬ್ಕೋತವೆ."

"ಅಬ್ಬಾ, ಕಳ್ ನನ್ಮಕ್ಳು!" ಎಂದು ನಕ್ಕರು. ಆಮೇಲೆ ಮುಖ ಸಣ್ಣದಾಯಿತು. "ಟ್ರೇನಿಂಗಲ್ಲಿ ನೀವೇ ಹೇಳಿದ್ರಲ್ಲಮ್ಮ, ಇದೂ ಮೊಸರಿನ ಹೆಪ್ಪಿದ್ದಂಗೇನೆ, ತಲೆ ಕೆಡಿಸ್ಕೋಬೇಡಿ ಅಂತ."

ಹೇಳಿದ್ದೆ. ಬಿಡಿಸಿ ಹೇಳಲು ಬೇಜಾರಾಗಿ, ಒಂದೇ ಮಾತಿನಲ್ಲಿ ಮುಗಿಸಿ ಊಟಕ್ಕೆ ಎದ್ದಿದ್ದೆ. ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಮೂರಕ್ಕೆ ಐದು ನಿಮಿಷವಿತ್ತು. ಕಂಪ್ಯೂಟರಿನಲ್ಲಿ ವರದಿ ತೆರೆದೆ.

"ನನ್ ಹೆಸ್ರು ಬರೀರಮ್ಮ, ಪರ್ವಾಗಿಲ್ಲ," ಎಂದರು ಅಪ್ಪಯ್ಯಣ್ಣ. ಆಗಲೇ ಕುತ್ತಿಗೆಯ ಐಡಿ ಕಾರ್ಡ್ ತೆಗೆದು ಮೇಜಿನ ಮೇಲೆ ಇಟ್ಟಿದ್ದರು.

"ಸುಮ್ನೆ ಹಾಕ್ಕೊಳ್ಳಿ ಅದನ್ನ!" ಎಂದು ರೇಗಿದೆ.

ತಪ್ಪು ಮಾಡಿದವರು ಎಂಬಲ್ಲಿ ಶಶಿರೇಖಾ ಎಂದು ಬರೆದೆ. ಕಾರಣ ಎಂಬಲ್ಲಿ, ಅರ್ಧಂಬರ್ಧ ಕಲಿಸಿದ್ದು ಎಂದು ಬರೆದು ಕಳಿಸಿಬಿಟ್ಟೆ. ಫೋನ್ ಬಡಿದುಕೊಳ್ಳತೊಡಗಿತು. ಭಾನುಪ್ರಕಾಶರದೇ. ಎತ್ತಿದೆ.