ಗಾಳಿ ಹಿಡಿದವಳು

ಪಂಚಮಿ ನಾಳೆ ಎನ್ನುವಾಗ ದಾನಮ್ಮತ್ತೆ ಬನಹಟ್ಟಿಯಿಂದ ಬಂದಳು. ಒಂದು ಕೈಯಲ್ಲಿ ಬಳೆಯ ಡಬ್ಬಿ, ಇನ್ನೊಂದರಲ್ಲಿ ನಿಂಬೆಹಣ್ಣು ಮತ್ತು ವಿಭೂತಿ ಗಟ್ಟಿ ಕಟ್ಟಿಕೊಂಡ ಗಂಟು. ಚಿಮ್ಮಡದ ರಸ್ತೆಯಲ್ಲಿ ಆಟೋ ಇಳಿದು, ಕಬ್ಬಿನ ನಡುವಿನ ಕೆಸರು ದಾರಿಯಲ್ಲಿ ಸೀರೆ ಎತ್ತಿ ಹಿಡಿದು ಬರುತ್ತಿದ್ದ ಅವಳನ್ನು ಗಂಗಾಂಬಿಕಾ ದೂರದಿಂದಲೇ ಕಂಡಳು. ಓಡಿ ಹೋಗಿ ಗಂಟು ಇಸಿದುಕೊಳ್ಳಬೇಕಿತ್ತು. ಆದರೆ ಅವಳು ಪಡಸಾಲೆಯ ಕಂಬಕ್ಕೆ ಒರಗಿ ನಿಂತೇ ಇದ್ದಳು. ಕೈಯಲ್ಲಿ ಹಗ್ಗವಿತ್ತು, ಹೊರಗೆ ಗಾಳಿ ಜೋರಾಗಿತ್ತು.

ಅತ್ತೆ ಅಂಗಳಕ್ಕೆ ಕಾಲಿಟ್ಟವಳೇ ಮೊದಲು ನೋಡಿದ್ದು ಆ ಕೈಯನ್ನು. ಎಡಗೈ ತುಂಬ ಹಸಿರು ಬಳೆ. ಬಲಗೈ ಬರಿದು. ಮಣಿಕಟ್ಟಿನ ಸುತ್ತ ಹಗ್ಗ ಉಜ್ಜಿದ ಕಂದು ಗೆರೆ.

"ಲೇ ರಾಚ್ಯಾ! ಹುಡುಗಿ ಕೈಗೆ ಹಗ್ಗ ಕಟ್ಟೀಯೇನೋ?"

ಗಂಗಾಂಬಿಕಾಳ ಅಪ್ಪ ರಾಚಪ್ಪ ದನದ ಕೊಟ್ಟಿಗೆಯಿಂದ ನಗುತ್ತಾ ಬಂದ. "ಕಟ್ಟಿಲ್ಲ ಅಕ್ಕಾ. ಅಕೀನ ಹಿಡಕೊಂಡಾಳ. ಬಾ, ಕಾಲ ತೊಳಕೋ."

"ಕಾಲ ಆಮ್ಯಾಲ. ಖರೆ ಹೇಳು, ಇಕಿಗೆ ಗಾಳಿ ಐತೋ ಇಲ್ಲೋ? ಮೊನ್ನಿ ಫೋನಿನಾಗ ನೀನ ಅಂದಿ, 'ಗಾಳಿ ಐತಿ ಅಕ್ಕಾ, ಹುಡುಗೀನ ಹೆಂಗ ಕಳಸಲಿ' ಅಂತ. ಚಿಮ್ಮಡದಿಂದ ಬಂದ ಹೆಂಗಸರೂ ನನ್ನ ಓಣ್ಯಾಗ ಅದನ್ನ ಹೇಳಾಕತ್ತಾರ. ಗಾಳಿ ಬಂತಂದ್ರ ರಾಚಪ್ಪನ ಮಗಳು ಹಗ್ಗ ಬಿಟ್ಟು ಅಲ್ಲಾಡಂಗಿಲ್ಲ ಅಂತ."

"ಐತಲ್ಲ ಮತ್ತ!" ರಾಚಪ್ಪನ ಎದೆ ಉಬ್ಬಿತು. "ಎರಡು ವರ್ಷಾತು. ಊರ ಮಂದೆಲ್ಲಾ ನೋಡಾಕ ಬರ್ತಾರ."

"ನೋಡಾಕ ಬರ್ತಾರ! ನಾಚಿಕಿ ಇಲ್ಲೇನು ನಿನಗ? ಯಾವಾಗ ಬರತೈತಿ ಅದು?"

"ಮುಂಜಾನಿ ಸುಮ್ಕ ಇರತೈತಿ. ಮಧ್ಯಾಹ್ನ ಆತಂದ್ರ ಜೋರ. ಆಷಾಢ, ಶ್ರಾವಣದಾಗಂತೂ ಕೇಳಬ್ಯಾಡ. ಒಂದ ಸವನ ಒದರತೈತಿ."

"ಒದರತೈತಿ?"

"ಗಂಗಿ ಕೈ ಬಿತ್ತಂದ್ರ ಸುಮ್ಮನಾಗತೈತಿ."

"ಶಿವ ಶಿವಾ! ಎಲ್ಲಿಂದ ಬಡಕೊಂಡು ಬಂತೋ?"

"ಕಲ್ಮೇಶ ತಂದಾನ. ಕೊಲ್ಹಾಪುರದಿಂದ, ಟೆಂಪೋದಾಗ."

"ಟೆಂಪೋದಾಗ?" ದಾನಮ್ಮತ್ತೆಯ ಕೈಯಿಂದ ನಿಂಬೆಹಣ್ಣು ಜಾರಿ ಅಂಗಳದಲ್ಲಿ ಉರುಳಿತು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವ್ವ ಮಾದೇವಿಗೆ ನಗೆ ತಡೆಯಲಾಗಲಿಲ್ಲ. ಸೆರಗನ್ನು ಬಾಯಿಗೆ ತುರುಕಿಕೊಂಡು ಮೇಲೆ ಕೈ ತೋರಿಸಿದಳು. ಅತ್ತೆ ಕತ್ತೆತ್ತಿದಳು. ಕೆಸರು ನೋಡುತ್ತಾ ಬಂದವಳಿಗೆ ಅಲ್ಲಿಯವರೆಗೆ ಕಂಡಿರಲಿಲ್ಲ. ಮನೆಯ ಹಿಂದಿನ ಕಬ್ಬಿಣದ ಕಂಬದ ತುದಿಯಲ್ಲಿ ಮೂರು ಬಿಳಿ ರೆಕ್ಕೆಗಳು ಭರ್ರನೆ ತಿರುಗುತ್ತಿದ್ದವು. ಅವುಗಳ ಹಿಂದಿನ ತಗಡಿನ ಬಾಲಕ್ಕೆ ಕಟ್ಟಿದ ಹಗ್ಗ ಗೋಡೆಗುಂಟ ಇಳಿದು, ಒಂದು ಗಾಲಿಯ ಮೇಲೆ ಹಾಯ್ದು, ಪಡಸಾಲೆಯ ಹುಡುಗಿಯ ಮುಷ್ಟಿಗೆ ಬಂದಿತ್ತು.

"ಇದ ಗಾಳಿ?"

"ಇದ ಗಾಳಿ."

ಮನೆಯೊಳಗೆ ತಲೆಯ ಮೇಲೆ ತಿರುಗುವುದಕ್ಕೆ ಫ್ಯಾನು ಎನ್ನುತ್ತಿದ್ದರು. ಹೊರಗೆ ತಿರುಗಿ ಕರೆಂಟು ಹುಟ್ಟಿಸುವುದಕ್ಕೆ ಬೇರೆ ಹೆಸರು ಬೇಕಲ್ಲ, ಅದು ಗಾಳಿ ಎಂದೇ ಆಗಿತ್ತು. ಅತ್ತೆ ಕಟ್ಟೆಯ ಮೇಲೆ ಕುಸಿದು ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಎಲ್ಲರೂ ನಕ್ಕರು. ಗಂಗಾಂಬಿಕಾ ಕೂಡ ನಕ್ಕಳು, ಆದರೆ ನಗುವಾಗಲೂ ಅವಳ ಕಿವಿ ಮೇಲೆಯೇ ಇತ್ತು. ರೆಕ್ಕೆಯ ಸದ್ದು ಸಣ್ಣಗೆ ಸಿಳ್ಳೆಯ ಕಡೆ ಹೊರಳಿದ್ದೇ ಅವಳು ಹಗ್ಗವನ್ನು ಒಂದು ಗೇಣು ಎಳೆದಳು. ಬಾಲ ಓರೆಯಾಯಿತು. ರೆಕ್ಕೆಗಳು ಗಾಳಿಗೆ ಮುಖ ತಪ್ಪಿಸಿ ನಿಧಾನವಾದವು.

ಇದೆಲ್ಲ ಶುರುವಾದದ್ದು ಒಂದು ವಿದ್ಯುತ್ ಕಂಬದಿಂದ. ಊರಿನ ಲೈನು ಈ ದಿನ್ನೆಯ ಮನೆಗೆ ಬರಬೇಕೆಂದರೆ ದಾಯಾದಿ ಶಶಿಕಾಂತನ ಹೊಲದಲ್ಲಿ ಒಂದು ಕಂಬ ನೆಡಬೇಕಿತ್ತು. ಅವನು ಒಲ್ಲೆ ಎಂದ. ರಾಚಪ್ಪ ಅಂದೇ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಹತ್ತು ಮಂದಿಯ ಎದುರು, "ಅವನ ಹೊಲದ ಮ್ಯಾಲೆ ಹಾದು ಬಂದ ಬೆಳಕ ನನಗ ಬ್ಯಾಡ. ಶಿವನ ಗಾಳಿಗೆ ಯಾರ ಅಪ್ಪಣಿ ಬೇಕು?" ಎಂದುಬಿಟ್ಟ. ಮುಧೋಳದ ಕಾರ್ಖಾನೆಯಲ್ಲಿ ಕೆಲಸಕ್ಕಿರುವ ಮಗ ಕಲ್ಮೇಶ ಗಾಳಿಯನ್ನು ತಂದು ನಿಲ್ಲಿಸಿದ. ಈಗ ಚಿಮ್ಮಡದಲ್ಲಿ ಕರೆಂಟು ಹೋದಾಗಲೂ ದಿನ್ನೆಯ ಮನೆಯಲ್ಲಿ ಬೆಳಕಿರುತ್ತಿತ್ತು. ಮಂದಿ ಮೊಬೈಲ್ ಚಾರ್ಜಿಗೆ ಇಲ್ಲಿಗೇ ಬರುತ್ತಿದ್ದರು. ಶಶಿಕಾಂತನ ಹೆಂಡತಿಯೂ ಒಮ್ಮೆ ಬಂದಿದ್ದಳು. ಆ ದಿನ ರಾಚಪ್ಪ ಎರಡು ರೊಟ್ಟಿ ಹೆಚ್ಚು ಉಂಡ.

ಜೋರು ಗಾಳಿಗೆ ಬಾಲ ತಾನೇ ಮಡಚಿಕೊಳ್ಳಬೇಕಿತ್ತು. ಅದರ ಸ್ಪ್ರಿಂಗ್ ಮೊದಲ ಶ್ರಾವಣದಲ್ಲೇ ಹೋಯಿತು. ಒಂದು ರೆಕ್ಕೆ ಕಿತ್ತು ಹಾರಿ ಕೊಟ್ಟಿಗೆಯ ತಗಡು ಸೀಳಿ, ಆಕಳ ಕೊಂಬಿನ ಪಕ್ಕ ನೆಟ್ಟು ನಿಂತಿತು. "ಬರೂ ರವಿವಾರ ಹೊಸಾ ಸ್ಪ್ರಿಂಗ್ ಹಾಕ್ತೀನಿ" ಎಂದು ಕಲ್ಮೇಶ ರೆಕ್ಕೆಯನ್ನು ಮತ್ತೆ ಕೂಡಿಸುತ್ತಾ ಹೇಳಿದ. ರವಿವಾರಗಳು ಬಂದವು, ಹೋದವು. ಅಲ್ಲಿಯವರೆಗೆ ಇರಲಿ ಎಂದು ಕಟ್ಟಿದ ಹಗ್ಗ ಉಳಿಯಿತು. ಸಡಿಲ ಬಿಟ್ಟರೆ ರೆಕ್ಕೆ ಮುರಿಯುತ್ತದೆ, ಪೂರ್ತಿ ಎಳೆದರೆ ತಿರುಗುವುದೇ ನಿಲ್ಲುತ್ತದೆ. ಗಾಳಿ ಏರಿಳಿದಂತೆ ಎಳೆಯುತ್ತಾ ಬಿಡುತ್ತಾ ನಡುವೆ ಎಲ್ಲೋ ಹಿಡಿದುಕೊಂಡು ಕೂಡುವ ಒಂದು ಕೈ ಬೇಕಿತ್ತು. ಶಾಲೆ ಬಿಟ್ಟು ಮನೆಯಲ್ಲಿದ್ದ ಕೈ ಒಂದೇ.

"ನನ್ನ ಮಗಳ ಕೈಗುಣ ಅದು. ಮಂದಿ ಮನಿ ಹೆಣ್ಣುಮಕ್ಕಳು ದೀಪ ಹಚ್ಚತಾರ. ನನ್ನ ಮಗಳು ಮನೀನ ಬೆಳಗತಾಳ" ಎಂದು ರಾಚಪ್ಪ ಬಂದವರಿಗೆಲ್ಲ ಹೇಳುತ್ತಿದ್ದ. ಕೇಳಿದಾಗಲೆಲ್ಲ ಗಂಗಾಂಬಿಕಾಗೆ ಹೊಗಳಿಕೆಯ ಒಂದೊಂದು ಮಾತೂ ಹಗ್ಗಕ್ಕೆ ಇನ್ನೊಂದು ಎಳೆ ಹೊಸೆದಂತೆ ಅನಿಸುತ್ತಿತ್ತು. ಬೈದಿದ್ದರೆ ಬಿಟ್ಟು ಏಳಬಹುದಿತ್ತು.

ಅತ್ತೆ ಬನಹಟ್ಟಿಯಲ್ಲಿ ನೇಕಾರರ ಸೀರೆಗಳಿಗೆ ಕುಚ್ಚು ಕಟ್ಟಿಕೊಡುತ್ತಿದ್ದಳು. ಗಾಳಿ ಬರುವ ಮೊದಲೊಮ್ಮೆ ಗಂಗಾಂಬಿಕಾ ಅವಳ ಮನೆಯಲ್ಲಿ ಕೆಲವು ದಿನ ಇದ್ದು ಆ ಗಂಟುಗಳನ್ನು ಕಲಿತಿದ್ದಳು. ಅಲ್ಲಿಂದ ಬಂದ ಮೇಲೂ ಟವೆಲಿನ ಅಂಚು, ಚೀಲದ ಬಾಯಿ, ಕರು ಕಟ್ಟುವ ಹಗ್ಗ, ಎಲ್ಲದಕ್ಕೂ ಕುಚ್ಚಿನ ಗಂಟೇ ಹಾಕುತ್ತಿದ್ದಳು. ಯುಗಾದಿಗೆ ಅತ್ತೆ ಫೋನು ಮಾಡಿ, "ನನ್ನ ಕಣ್ಣು ಮಂದಾಗ್ಯಾವು, ಹುಡುಗೀನ ಕೊಡು. ಕೆಲಸಾನೂ ಕಲೀತಾಳ, ನನಗೂ ಜೊತಿ ಆಗತೈತಿ" ಎಂದಿದ್ದಳು. ರಾಚಪ್ಪ "ಪಂಚಮಿಗೆ ಬಾ, ನೋಡೂಣು" ಎಂದಿದ್ದ. ಆ "ನೋಡೂಣು" ಒಂದನ್ನೇ ಹಿಡಿದುಕೊಂಡು ಗಂಗಾಂಬಿಕಾ ಬೇಸಿಗೆ ಕಳೆದಿದ್ದಳು.

ಆ ಸಂಜೆ ಊಟಕ್ಕೆ ಕೂತಾಗ ಅತ್ತೆ ಕೇಳಿಯೇಬಿಟ್ಟಳು. "ನಾಡದು ಕರಕೊಂಡು ಹೊಂಟೇನಿ ಇಕಿನ್ನ."

"ಶ್ರಾವಣ ಮುಗೀಲಿ ಅಕ್ಕಾ."

"ಶ್ರಾವಣ ಆದ ಮ್ಯಾಲೆ?"

"ಆಮ್ಯಾಲ ಮತ್ತ ಗಾಳಿ ಕಮ್ಮಿ. ಕಮ್ಮಿ ಗಾಳ್ಯಾಗ ಸಂಭಾಳಿಸೂದಂದ್ರ ಇನ್ನೂ ನಾಜೂಕ."

"ಹಂಗಾರ ಗಾಳಿ ಇದ್ರೂ ಬರಂಗಿಲ್ಲ, ಇಲ್ಲದಿದ್ರೂ ಬರಂಗಿಲ್ಲ. ಛಲೋ ಆತು."

ರಾಚಪ್ಪ ತಾಟಿನಲ್ಲಿ ಬೆರಳಾಡಿಸಿದ. "ಅಕಿ ಹ್ವಾದ್ರ ಮನಿ ಕತ್ತಲಾಗತೈತಿ. ಶಶಿಕಾಂತ ಪಟಾಕ್ಷಿ ಹೊಡೀತಾನ." ಆಮೇಲೆ ಮಗಳ ಕಡೆ ತಿರುಗಿ ಮೆತ್ತಗೆ ಕೇಳಿದ. "ಯಾಕ ಗಂಗೀ, ಇಲ್ಲೇನ ಕಮ್ಮಿ ಐತಿ ನಿನಗ?"

ಗಂಗಾಂಬಿಕಾ ರೊಟ್ಟಿ ಮುರಿದಳು. ಕಮ್ಮಿ ಏನೂ ಇರಲಿಲ್ಲ. ಆದರೂ ಹೋಗಬೇಕೆನಿಸುತ್ತಿತ್ತು, ಅದನ್ನು ಹೇಗೆ ಹೇಳುವುದು?

ಪಂಚಮಿಯ ದಿನ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದರು. ಅತ್ತೆ ಬಳೆಯ ಡಬ್ಬಿ ಬಿಚ್ಚಿ ಗಂಗಾಂಬಿಕಾಳ ಬಲಗೈಯನ್ನು ಎಳೆದುಕೊಂಡಳು.

"ಒಡೀತಾವು ಅತ್ತಿ. ಹಗ್ಗಕ್ಕ ಬಡದು ಒಡೀತಾವು."

"ಒಡೀಲಿ. ಇವತ್ತ ಹಗ್ಗ ನಾ ಹಿಡೀತೀನಿ. ನೀ ಹೋಗಿ ಒಂದ ಜೀಕು ಜೀಕಿ ಬಾ. ಎರಡು ಪಂಚಮಿ ಆತಂತ ಜೋಕಾಲಿ ಹತ್ತಿಲ್ಲ, ಮಾದೇವಿ ಹೇಳಿದ್ಲು."

ಗಂಗಾಂಬಿಕಾ ಜೋಕಾಲಿ ಹತ್ತಿದಳು. ಹಿಂದಿನಿಂದ ಅವ್ವ ನೂಕಿದಳು. ಕಬ್ಬಿನ ತುದಿಗಳು ಕೆಳಗಾದವು, ಶಶಿಕಾಂತನ ಹೊಲ ಕಂಡಿತು, ಅದರಾಚೆಗೆ ರಸ್ತೆ, ಬನಹಟ್ಟಿಯ ಕಡೆ ಹೋಗುತ್ತಿದ್ದ ಕೆಂಪು ಬಸ್ಸು. ಅವಳು ಬಸ್ಸನ್ನೇ ನೋಡಲು ಯತ್ನಿಸಿದಳು. ಆದರೆ ಮುಂದಕ್ಕೆ ಹೋದಾಗ ರೆಕ್ಕೆಯ ಸದ್ದು ದೂರ, ಹಿಂದಕ್ಕೆ ಬಂದಾಗ ಹತ್ತಿರ. ಜೋಕಾಲಿಯ ಹಗ್ಗವನ್ನೇ ಅವಳ ಕೈ ಗೇಣುಗೇಣಾಗಿ ಎಳೆಯುತ್ತಿತ್ತು. ಮೂರನೆಯದೋ ನಾಲ್ಕನೆಯದೋ ಜೀಕಿಗೆ ಸದ್ದು ಸಿಳ್ಳೆಯ ಕಡೆ ಹೊರಳಿತು. ಜೋಕಾಲಿ ಇನ್ನೂ ತೂಗುತ್ತಿದ್ದಂತೆಯೇ ಅವಳು ಜಿಗಿದಳು, ಮೊಣಕಾಲೂರಿ ಬಿದ್ದಳು, ಎದ್ದು ಓಡಿದಳು.

ಅತ್ತೆ ಗೋಡೆಗೆ ಕಾಲು ಕೊಟ್ಟು ಹಗ್ಗ ಎಳೆದುಕೊಂಡು ಆರಾಮ ಕೂತಿದ್ದಳು. ಬಾಲ ಆಗಲೇ ಓರೆಯಾಗಿತ್ತು.

"ಯಾಕ ಓಡಿ ಬಂದಿ? ನಾ ಹಿಡದೇನಲ್ಲ."

ಗಂಗಾಂಬಿಕಾ ಏದುಸಿರು ಬಿಡುತ್ತಾ ನಿಂತಳು. ಮೊಣಕಾಲಿನಿಂದ ರಕ್ತ ಇಳಿಯುತ್ತಿತ್ತು. ಯಾಕೆ ಓಡಿ ಬಂದೆನೆಂದು ಅವಳಿಗೂ ಗೊತ್ತಿರಲಿಲ್ಲ. ಅತ್ತೆ ಅವಳ ಮುಖ ನೋಡಿದಳು, ಕಾಲು ನೋಡಿದಳು. ಅತ್ತೆಯ ನಗೆ ಆರಿಹೋಯಿತು.

"ಯವ್ವಾ, ನಿನಗ ಬರೇ ಕೈಗೆ ಕಟ್ಟಿಲ್ಲ ಬಿಡು. ಕಿವಿಗೂ ಕಟ್ಯಾರ." ಆಮೇಲೆ ಕೊಟ್ಟಿಗೆಯ ಕಡೆ ಕೂಗಿದಳು. "ಲೇ ರಾಚ್ಯಾ, ಓಣಿ ಮಂದಿ ಸುಳ್ಳ ಹೇಳಿಲ್ಲೋ. ಈ ಮನ್ಯಾಗ ಗಾಳಿ ಬಡದೈತಿ, ಖರೆ. ಬಡದದ್ದು ಹುಡುಗಿಗಲ್ಲ. ನಿನಗ!"

ರಾಚಪ್ಪ ಕೇಳಿಸದವನಂತೆ ಸೆಗಣಿ ಬಳಿಯುತ್ತಲೇ ಇದ್ದ.

ಮರುದಿನ ಮುಂಜಾನೆ ಗಾಳಿ ಇನ್ನೂ ಸಣ್ಣಗಿತ್ತು. ಅತ್ತೆ ಗಂಟು ಕಟ್ಟಿಕೊಂಡು ಹೊಸ್ತಿಲಲ್ಲಿ ಕೂತಿದ್ದಳು. ಗಂಗಾಂಬಿಕಾ ಪಡಸಾಲೆಗೆ ಬಂದು ಹಗ್ಗ ಹಿಡಿದಳು. ಹಿಡಿದದ್ದು ನಡುವೆ ಅಲ್ಲ. ಎರಡೂ ಕೈಯಿಂದ ಪೂರ್ತಿ ಎಳೆದು, ಗೋಡೆಯ ಗೂಟಕ್ಕೆ ಸುತ್ತಿ, ಕುಚ್ಚಿನ ಗಂಟು ಹಾಕಿದಳು. ಎಳೆದಷ್ಟೂ ಬಿಗಿಯುವ ಗಂಟು, ತುದಿ ಗೊತ್ತಿದ್ದವರಿಗೆ ಮಾತ್ರ ಒಂದೇ ಎಳೆತಕ್ಕೆ ಬಿಚ್ಚುವಂಥದ್ದು. ಮೇಲೆ ರೆಕ್ಕೆಗಳು ನಿಧಾನವಾದವು, ಒಮ್ಮೆ ತೂಗಿದವು, ನಿಂತವು.

ಎರಡು ವರ್ಷದಲ್ಲಿ ಗಾಳಿ ಇರುವಾಗ ಆ ಮನೆ ಇಷ್ಟು ಸುಮ್ಮನಾಗಿರಲಿಲ್ಲ. ರಾಚಪ್ಪ ಹೊರಗೋಡಿ ಬಂದ. ಮೇಲೆ ನೋಡಿದ, ಗಂಟು ನೋಡಿದ. ಕೂತು ಉಗುರಿನಿಂದ ಕೆದರಿದ. ಗಂಟು ಇನ್ನೂ ಬಿಗಿಯಿತು.

"ಬಿಚ್ಚು ಗಂಗೀ."

"ತೋರಸ್ತೀನಿ ಬರ್ರಿ ಅಪ್ಪಾ. ನೀವ ಬಿಚ್ಚರಿ. ಹಿಡಿಯೂದೂ ತೋರಸ್ತೀನಿ." ಅಪ್ಪನ ಎದುರು ಅವಳು ಇಷ್ಟು ಉದ್ದ ಮಾತಾಡಿದ್ದು ಅದೇ ಮೊದಲು.

"ನಾ ಯಾಕ ಕಲೀಲಿ?" ರಾಚಪ್ಪನಿಗೆ ಖರೆಯೇ ಅರ್ಥವಾಗಿರಲಿಲ್ಲ. "ನೀ ಅದೀಯಲ್ಲ?" ಎಂದವನೇ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ.

ಅವಳು ಒಳಗೆ ಹೋಗಿ ತನ್ನ ಚೀಲ ತಂದಳು. ಅವ್ವ ಶೇಂಗಾ ಉಂಡಿಯ ಗಂಟನ್ನು ಅದಕ್ಕೆ ತುರುಕುತ್ತಾ, ಅಪ್ಪನಿಗೆ ಕೇಳದಂತೆ, "ತುದಿ ಯಾವದವಾ? ನನಗರ ಹೇಳಿ ಹೋಗು" ಎಂದಳು.

ಗಂಗಾಂಬಿಕಾ ಅವ್ವನ ಕೈ ನೋಡಿದಳು. ಎರಡೂ ಕೈಗೆ ನಿನ್ನೆ ತೊಟ್ಟ ಹೊಸ ಬಳೆ. ತುದಿ ಗೂಟದ ಎಡಕ್ಕೆ, ಎರಡನೆಯ ಸುತ್ತಿನ ಕೆಳಗಿತ್ತು. ಹೇಳಲು ಒಂದೇ ಮಾತು ಸಾಕಿತ್ತು.

"ಮರತೇನವಾ" ಎಂದಳು.

ಅವ್ವ ಅವಳನ್ನೇ ಒಂದು ಗಳಿಗೆ ದಿಟ್ಟಿಸಿ, ಚೀಲವನ್ನು ಅವಳ ಹೆಗಲಿಗೇರಿಸಿದಳು.

ಕೆಸರು ದಾರಿಯಲ್ಲಿ ಹಿಂದಿನಿಂದ ಅಪ್ಪ ಕೂಗುತ್ತಿದ್ದ. "ಗಂಗೀ, ಇವತ್ತ ಸಂಜಿಗೆ ಬೆಳಕ ಹೆಂಗ?" ಅವಳು ತಿರುಗಿ ನೋಡಲಿಲ್ಲ. ನೋಡಿದ್ದರೆ ಹೋಗಿ ಬಿಚ್ಚಿಬಿಡುತ್ತಿದ್ದಳು.

ಬಸ್ಸಿನಲ್ಲಿ ಅತ್ತೆ ಅವಳನ್ನು ಕಿಟಕಿಯ ಪಕ್ಕ ಕೂಡಿಸಿದಳು. ಬಸ್ಸು ಓಟ ಹಿಡಿದಂತೆ ಕಿಟಕಿಯ ಗಾಜು ಸಣ್ಣಗೆ ಸಿಳ್ಳೆ ಹಾಕತೊಡಗಿತು. ಅತ್ತೆ ಕೆಳಗೆ ನೋಡಿದಳು. ಹುಡುಗಿಯ ಬಲಗೈ ತೊಡೆಯ ಮೇಲೆ ಮುಷ್ಟಿ ಕಟ್ಟಿ ಎದೆಯ ಕಡೆಗೆ ಎಳೆಯುತ್ತಿತ್ತು. ಬಳೆಗಳು ಒಂದಕ್ಕೊಂದು ಒತ್ತಿಕೊಂಡಿದ್ದವು.

"ಬಿಡವಾ" ಎಂದು ಅತ್ತೆ ಒಂದೊಂದೇ ಬೆರಳು ಬಿಡಿಸಿದಳು. ಅಂಗೈಯನ್ನು ತನ್ನ ಅಂಗೈಯ ಮೇಲೆ ಚಪ್ಪಟೆ ಹಾಸಿಕೊಂಡಳು. ಗಂಗಾಂಬಿಕಾ ಹೂಂ ಎಂದಳು.

ಬನಹಟ್ಟಿಯ ಮಗ್ಗಗಳ ಸದ್ದು ಕೇಳುವ ಹೊತ್ತಿಗೆ ಬೆರಳುಗಳು ಮತ್ತೆ ಮಡಚಿಕೊಂಡಿದ್ದವು. ಈ ಸಲ ಅವುಗಳ ನಡುವೆ ಅತ್ತೆಯ ಕೈ ಇತ್ತು.